ಮಾಗಿಯ ಚಳಿಯಲ್ಲಿ ಮಡಿ ಮಾಗಲಿ

ದೀಪಾವಳಿ ಮುಗಿದ ವಾರವೇ ನಮ್ಮ ಸೊಸೈಟಿಯ ಹಿಂಬದಿಗೆ ಒಂದು ಟ್ರಾಲಿ ಎಮ್ಮೆ ಸಗಣಿ ಬಂದು ಬಿತ್ತು. ಇನ್ನೂ ಹಬೆಯಾಡುತ್ತಿತ್ತು. ಮೂರನೆಯ ದಿನ ಅದರ ಮೇಲೆಯೇ ಟೊಮೆಟೊ ಸಸಿ ನೆಟ್ಟರು. ಹತ್ತು ದಿನ ಕಳೆಯುವಷ್ಟರಲ್ಲಿ ಎಲೆಯ ಅಂಚುಗಳೆಲ್ಲ ಸುಟ್ಟು ಕಂದಿದವು. "ಅಜ್ಜಿ, ಪುಣೆಯ ಮಣ್ಣೇ ಸರಿ ಇಲ್ಲ" ಎಂದ ಕೆಳಗಿನ ಮನೆಯ ಹುಡುಗ. ಹಸಿ ಸಗಣಿಯಲ್ಲಿ ಸಸಿ ಬೇಯಿಸಿ ಮಣ್ಣನ್ನು ದೂರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಸಿಟ್ಟಿಗೇ, ಚಳಿಗಾಲದಲ್ಲಿ ಹೊಸ ತರಕಾರಿ ಮಡಿಯನ್ನು ಹದಮಾಡಿ ಶಿವರಾತ್ರಿಯ ಹೊತ್ತಿಗೆ ಬಿತ್ತುವುದು ಹೇಗೆಂದು ಬರೆಯಲು ಕುಳಿತಿದ್ದೇನೆ.

ಹೊಸ ಜಾಗವೆಂದರೆ ಇಲ್ಲಿ ಸಾಮಾನ್ಯವಾಗಿ ಎರಡೇ ಬಗೆ. ಗುಡ್ಡದ ಕಡೆಯಾದರೆ ಮುರುಮು, ಅಂದರೆ ಗರಸು ಮಣ್ಣು; ಬಯಲಿನ ಕಡೆಯಾದರೆ ಕಪ್ಪು ಎರೆ ಮಣ್ಣು. ಮನೆ ಕಟ್ಟಿದವರು ಬಿಟ್ಟುಹೋದ ಸಿಮೆಂಟಿನ ಹೆಂಟೆ, ಇಟ್ಟಿಗೆ ಚೂರು, ಮೊಳೆ ಎರಡರಲ್ಲಿಯೂ ಇದ್ದೇ ಇರುತ್ತವೆ. ಅವನ್ನು ಆರಿಸಿ ತೆಗೆಯಿರಿ. ಗರಿಕೆ ಮತ್ತು ಜೇಕಿನ ಗಡ್ಡೆಗಳನ್ನು ಬೇರುಸಹಿತ ಕೀಳಿರಿ. ಮೇಲೆ ಕತ್ತರಿಸಿ ಬಿಟ್ಟರೆ ಜೇಕು ನಿಮ್ಮನ್ನು ಬಿಡುವುದಿಲ್ಲ. ಅಗೆಯುವುದು ಒಂದು ಗೇಣು ಆಳ ಸಾಕು. ಎರೆ ಮಣ್ಣನ್ನು ಮಾತ್ರ ಒದ್ದೆಯಿರುವಾಗ ಮುಟ್ಟಬೇಡಿ. ಒಂದು ಹಿಡಿ ತೆಗೆದುಕೊಂಡು ಉಂಡೆ ಕಟ್ಟಿ ಬೆರಳಿನಿಂದ ತಟ್ಟಿ ನೋಡಿ. ಪುಡಿಯಾಗಿ ಉದುರಿದರೆ ಗುದ್ದಲಿ ಹಿಡಿಯಿರಿ, ಅಂಟಿಕೊಂಡೇ ಕುಳಿತರೆ ನಾಲ್ಕು ದಿನ ಕಾಯಿರಿ. ಒದ್ದೆಯಲ್ಲಿ ಅಗೆದ ಎರೆ ಒಣಗಿದ ಮೇಲೆ ಇಟ್ಟಿಗೆಯಾಗುತ್ತದೆ.

ಇನ್ನು ಗೊಬ್ಬರ. ಮಾಗಿದ ತಿಪ್ಪೆಗೊಬ್ಬರಕ್ಕೆ ಸಗಣಿಯ ವಾಸನೆ ಇರುವುದಿಲ್ಲ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಬಿಸಿ ತಾಗಬಾರದು, ಹುಲ್ಲಿನ ಎಳೆ ಗುರುತು ಸಿಗಬಾರದು. ಹಸಿಯದನ್ನು ಹಾಕಿದರೆ ಬೇರು ಸುಡುವುದಷ್ಟೇ ಅಲ್ಲ, ಗೊಣ್ಣೆ ಹುಳು, ಗೆದ್ದಲು ಎಲ್ಲವನ್ನೂ ಮನೆಗೆ ಕರೆದಂತೆ. ಪುಣೆಗೆ ಬಂದ ಎರಡನೆಯ ವರ್ಷ ನಾನೂ ಮಾರುವವನ ಮಾತು ನಂಬಿ ಎರಡು ಸಾಲು ಬದನೆ ಕಳೆದುಕೊಂಡೆ. ಬಾಡಿದ ಗಿಡವನ್ನು ಹಿಡಿದೆಳೆದರೆ ಬೇರೇ ಇರಲಿಲ್ಲ. ಬುಡದಲ್ಲಿ ಬೆಳ್ಳಗೆ, ದಪ್ಪಗೆ, ಸುರುಳಿ ಸುತ್ತಿಕೊಂಡ ಹುಳುಗಳು ಮಲಗಿದ್ದವು. ಆ ದಿನದಿಂದ ಯಾರ ಮಾತನ್ನೂ ನಂಬದೆ ನನ್ನ ಅವ್ವನ ಕರಟವನ್ನೇ ನಂಬಿದ್ದೇನೆ.

ಅವ್ವ ಧಾರವಾಡದ ಕಡೆಯ ಹಳ್ಳಿಯವಳು. ಮನೆಯ ತಿಪ್ಪೆಯಿಂದ ಗಾಡಿ ಹೊರಡುವ ಮೊದಲು ಅಡುಗೆಮನೆಯ ಕಿಟಕಿಯಲ್ಲಿ ಎರಡು ತೆಂಗಿನ ಕರಟ ಕೂರಿಸುತ್ತಿದ್ದಳು. ಅಪ್ಪ ಎಷ್ಟು ಅವಸರ ಮಾಡಿದರೂ ಐದು ದಿನ ಗಾಡಿ ಕಟ್ಟಲು ಬಿಡುತ್ತಿರಲಿಲ್ಲ. ನೀವೂ ಹಾಗೆಯೇ ಮಾಡಿ. ಕಣ್ಣಿರುವ ಭಾಗದ ಎರಡು ಕರಟ ತೆಗೆದುಕೊಂಡು, ನೀರು ಬಸಿಯಲು ಮೆತ್ತನೆಯ ಕಣ್ಣನ್ನು ಮೊಳೆಯಿಂದ ಚುಚ್ಚಿ. ಒಂದಕ್ಕೆ ನಿಮ್ಮದೇ ಹಿತ್ತಲಿನ ಮಣ್ಣು, ಇನ್ನೊಂದಕ್ಕೆ ಬರೀ ಗೊಬ್ಬರ. ಗೊಬ್ಬರವನ್ನು ರಾಶಿಯ ಮೇಲಿನಿಂದ ಕೆರೆದು ತರಬೇಡಿ. ಮೇಲಿನದು ಬಿಸಿಲಿಗೆ ಒಣಗಿ ಒಳ್ಳೆಯದರಂತೆ ಕಾಣುತ್ತದೆ, ನಿಜ ಗೊತ್ತಾಗುವುದು ನಡುವಿನದರಲ್ಲಿ. ತೋಳು ಹಾಕಿ ಅಲ್ಲಿಂದಲೇ ತೆಗೆಯಿರಿ. ಮೆಂತ್ಯದ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ತೇಲಿದವನ್ನು ಚೆಲ್ಲಿ, ಮುಳುಗಿದವುಗಳಲ್ಲಿ ಕರಟಕ್ಕೆ 10ರಂತೆ ಎಣಿಸಿಯೇ ಹಾಕಿ. ಅಂದಾಜಿಗೆ ಉದುರಿಸಿದರೆ ಆಮೇಲೆ ಲೆಕ್ಕ ಸಿಗುವುದಿಲ್ಲ. ಅರ್ಧ ಉಗುರಿನಷ್ಟು ಒಳಗೆ ಒತ್ತಿ, ಕೈಯಿಂದ ನೀರು ಚಿಮುಕಿಸಿ, ಒದ್ದೆ ಬಟ್ಟೆ ಮುಚ್ಚಿ. ಮೊಳಕೆ ತಲೆಯೆತ್ತಿದ ಕೂಡಲೇ ಬಟ್ಟೆ ತೆಗೆದು ಬೆಳಗಿನ ಬಿಸಿಲಿಗಿಡಿ. ಐದನೆಯ ದಿನ ಎಣಿಸಿ. ಎರಡರಲ್ಲಿಯೂ ಸರಿಸಮವಾಗಿ ಮೊಳೆತು, ಎಲೆ ಹಸಿರಾಗಿದ್ದರೆ ಗೊಬ್ಬರ ಮಾಗಿದೆ. ಮಣ್ಣಿನಲ್ಲಿ 9 ಬಂದು ಗೊಬ್ಬರದಲ್ಲಿ 4 ಬಂದರೆ ಇನ್ನೂ ಹಸಿ. ಸಂಶಯವಿದ್ದರೆ ಒಂದು ಸಸಿಯನ್ನು ಮೆಲ್ಲಗೆ ಕಿತ್ತು ಬೇರು ನೋಡಿ. ತುದಿಯವರೆಗೂ ಬೆಳ್ಳಗಿರಬೇಕು. ತುದಿ ಕಂದಿ ಮೊಂಡಾಗಿದ್ದರೆ ಆ ಗೊಬ್ಬರ ನಿಮ್ಮ ಗಿಡಕ್ಕೂ ಅದನ್ನೇ ಮಾಡುತ್ತದೆ. ಮೆಂತ್ಯವಲ್ಲದ ಬೇರೇನಾದರೂ ಆ ಕರಟದಲ್ಲಿ ಚಿಗುರಿದರೆ ಕಳೆಯ ಬೀಜ ಇನ್ನೂ ಸತ್ತಿಲ್ಲವೆಂದು ತಿಳಿಯಿರಿ.

ನೆನೆಸಿದ ಮೆಂತ್ಯ ಉಳಿದರೆ ದೋಸೆ ಹಿಟ್ಟಿಗೆ ರುಬ್ಬಿ. ಡಿಸೆಂಬರಿನಲ್ಲಿ ಇಲ್ಲಿ ಹಿಟ್ಟು ಉಬ್ಬುವುದಿಲ್ಲವೆಂದು ಎಲ್ಲರೂ ಗೊಣಗುತ್ತಾರೆ. ಮೆಂತ್ಯ ಹಾಕಿ, ಪಾತ್ರೆಗೆ ಹಳೆಯ ಕಂಬಳಿ ಸುತ್ತಿ ಒಲೆಯ ಪಕ್ಕ ಇಟ್ಟರೆ ಬೆಳಗಿಗೆ ಉಬ್ಬಿರುತ್ತದೆ. ಸೋಡಾ ಸುರಿಯುವ ಕೆಲಸ ಬೇಡ.

ಕರಟ ಒಪ್ಪಿಗೆ ಕೊಟ್ಟ ಮೇಲೆ ಮಂಚದಷ್ಟು ಜಾಗಕ್ಕೆ ಎರಡು ಮೂರು ಬುಟ್ಟಿ, ಅಂದರೆ ಎರಡು ಬೆರಳು ದಪ್ಪ ಹರಡಿ. ಹರಡಿದ ದಿನವೇ ಮಣ್ಣಿಗೆ ಬೆರೆಸಿಬಿಡಿ. ಬಿಸಿಲಿಗೆ ಬಿಟ್ಟರೆ ಅದರ ಸಾರ ಗಾಳಿಗೆ ಹಾರಿಹೋಗುತ್ತದೆ. ಗೆದ್ದಲಿನ ಭಯವಿದ್ದರೆ ನಾಲ್ಕು ಹಿಡಿ ಬೇವಿನ ಹಿಂಡಿ ಸೇರಿಸಿ. ಕೆಳಗಿನ ಮನೆಯ ಹುಡುಗ ಹಿಮ ಬೀಳುವ ದೇಶದ ವಿಡಿಯೋ ನೋಡಿ, ಗೊಬ್ಬರ ಮೇಲೆ ಹಾಕಿ ಚಳಿಗಾಲ ಪೂರ್ತಿ ಮರೆತುಬಿಡಬೇಕೆಂದು ತಿಳಿದಿದ್ದ. ಅಲ್ಲಿ ಹಿಮವೂ ಮಳೆಯೂ ನೆಲವನ್ನು ನೆನೆಸುತ್ತವೆ. ನಮ್ಮಲ್ಲಿ ದೀಪಾವಳಿ ಕಳೆದರೆ ಮತ್ತೆ ಜೂನಿನವರೆಗೆ ಮಳೆಯ ಭರವಸೆ ಇಲ್ಲ. ನೀರಿಲ್ಲದೆ ಬಿಟ್ಟರೆ ಗೊಬ್ಬರ ಬೆರಣಿಯಂತೆ ಒಣಗಿ ಕೂರುತ್ತದೆ, ಎರೆಹುಳು ಆಳಕ್ಕೆ ಇಳಿದುಬಿಡುತ್ತದೆ. ಆದ್ದರಿಂದ ಮಡಿಯ ಮೇಲೆ ಒಣ ಎಲೆಗಳನ್ನು ದಪ್ಪಗೆ ಹಾಸಿ, ವಾರಕ್ಕೊಮ್ಮೆ ನೀರು ಕೊಡಿ. ಅಕ್ಕಿ ತೊಳೆದ ನೀರಾದರೆ ಇನ್ನೂ ಒಳ್ಳೆಯದು, ಬಟ್ಟೆ ಒಗೆದ ಸಾಬೂನಿನ ನೀರು ಖಂಡಿತ ಬೇಡ. ಎಲೆ ಎಲ್ಲಿಂದ ತರುವುದು ಎಂದು ಕೇಳಬೇಡಿ. ದಿನ ಬೆಳಗಾದರೆ ಗೇಟಿನ ಬಳಿ ಗುಡಿಸಿ ಬೆಂಕಿ ಹಚ್ಚುತ್ತಾರಲ್ಲ, ಅದೇ. ಆ ಹೊಗೆ ಕುಡಿದು ಕೆಮ್ಮುವ ಬದಲು ಎರಡು ಚೀಲ ತುಂಬಿ ತನ್ನಿ. ನೀಲಗಿರಿ ಎಲೆ ಒಂದನ್ನು ಬಿಟ್ಟುಬಿಡಿ. ಮಡಿಯ ಮೇಲೆ ಯಾರೂ ಕಾಲಿಡಬಾರದು, ಮಕ್ಕಳ ಕ್ರಿಕೆಟ್ ಚೆಂಡು ಬಿದ್ದರೂ ಕೋಲಿನಿಂದಲೇ ತೆಗೆಯಬೇಕು.

ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಗುತ್ತದೆಯಲ್ಲ, ಅದಕ್ಕೆ ಎರಡು ವಾರ ಮೊದಲು ಎಲೆ ಸರಿಸಿ ನೀರು ಹನಿಸಿ. ಕಳೆ ಹುಟ್ಟುವುದೆಲ್ಲ ಹುಟ್ಟಲಿ. ಕುರ್ಪಿಯಿಂದ ಮೇಲೆ ಮೇಲೆ ಕೆರೆದು ತೆಗೆದು, ಆಮೇಲೆ ಬೆಂಡೆ, ಚವಳಿಕಾಯಿ, ಹೀರೆ, ಸೌತೆ ಯಾವುದು ಬೇಕೋ ಅದನ್ನು ಊರಿ. ಗಜ್ಜರಿಯ, ಅಂದರೆ ಕ್ಯಾರೆಟ್ಟಿನ ಆಸೆಯಿದ್ದವರು ಮುಂದಿನ ಚಳಿಗಾಲದವರೆಗೆ ತಡೆಯಬೇಕು. ಹೊಸ ಗೊಬ್ಬರದ ಮಡಿಯಲ್ಲಿ ಅದರ ಗಡ್ಡೆ ಕವಲೊಡೆಯುತ್ತದೆ.

ಕೆಳಗಿನ ಮನೆಯ ಹುಡುಗ ಕೊನೆಗೆ ಮಾತು ಕೇಳಿದ. ಸಗಣಿಯನ್ನು ಮೂಲೆಗೆ ಸೇರಿಸಿ, ನೀರು ಹಾಕಿ, ಗೋಣಿ ಹೊದಿಸಿ, ಎರಡು ಸಲ ತಿರುವಿದ್ದಾನೆ. ಮೊನ್ನೆ ಕರಟ ತಂದು ತೋರಿಸಿದ. ಮಣ್ಣಿನಲ್ಲಿ 9, ಗೊಬ್ಬರದಲ್ಲಿ 6. ಇನ್ನೊಂದು ತಿಂಗಳು ಮುಟ್ಟಬೇಡ ಎಂದು ಹೇಳಿ ಕಳಿಸಿದ್ದೇನೆ.