ಲ್ಯಾಂಕಾಸ್ಟರ್ ಕಡೆ ಸ್ಪೋರ್ಟ್ಸ್ ಕಾರು ಓಡಿಸುವ ಹೊಸಬರಿಗೆ: ಆಮಿಶ್ ನೆರೆಹೊರೆಯವರ ಜೊತೆ ಹೇಗಿರಬೇಕು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್, ಹ್ಯಾರಿಸ್‌ಬರ್ಗ್, ಎಕ್ಸ್‌ಟನ್ ಕಡೆಗೆ ಕೆಲಸಕ್ಕೆ ಬರುವ ನಮ್ಮ ಹುಡುಗ ಹುಡುಗಿಯರಲ್ಲಿ ಕೆಲವರಿಗೆ ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಕಾರಿನ ಆಸೆ ಹತ್ತುತ್ತದೆ. ಸೆಕೆಂಡ್ ಹ್ಯಾಂಡ್ ಮಿಯಾಟಾನೋ, ಮಸ್ಟ್ಯಾಂಗೋ, ದುಡ್ಡು ಸ್ವಲ್ಪ ಜಾಸ್ತಿ ಕೂಡಿಟ್ಟವರಾದರೆ ಕಾರ್ವೆಟ್ಟೋ ಮನೆ ಮುಂದೆ ಬಂದು ನಿಲ್ಲುತ್ತದೆ. ತಗೊಳ್ಳಿ, ಖುಷಿಯಾಗಿ ಓಡಿಸಿ. ಇಲ್ಲಿನ ಹಳ್ಳಿ ರಸ್ತೆಗಳು ಅದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಎರಡೂ ಕಡೆ ಮುಸುಕಿನ ಜೋಳದ ಹೊಲ, ಏರಿಳಿತ, ತಿರುವು, ನಡುವೆ ಮರದ ಚಾವಣಿ ಇರುವ ಹಳೇ ಸೇತುವೆ. ಆದರೆ ಸ್ವಂತ ಕಾರು, ಕರೆಂಟ್ ಲೈನ್ ಬೇಡವೆಂದು ಸರಳವಾಗಿ ಬದುಕುವ ಕ್ರೈಸ್ತ ಪಂಗಡದವರಾದ ಆಮಿಶ್ ಜನ 18ನೇ ಶತಮಾನದಿಂದ ಇಲ್ಲೇ ಬೇಸಾಯ ಮಾಡಿಕೊಂಡಿದ್ದಾರೆ. ನಿಮಗೆ ಶನಿವಾರದ ಮೋಜಿನ ರಸ್ತೆ ಅನ್ನಿಸಿದ್ದು ಅವರಿಗೆ ಗಿರಣಿಗೆ, ಅಂಗಡಿಗೆ, ಅಜ್ಜಿ ಮನೆಗೆ ಹೋಗುವ ದಾರಿ.

ಮೊದಲು ಜೀವಕ್ಕೆ ಸಂಬಂಧಿಸಿದ ಮಾತು ಹೇಳಿಬಿಡುತ್ತೇನೆ. ಅವರ ಕುದುರೆಗಾಡಿಗೆ ಇಲ್ಲಿ ಬಗ್ಗಿ ಅಂತಾರೆ. ಅದು ಗಂಟೆಗೆ ಹೆಚ್ಚೂಕಡಿಮೆ ಎಂಟು ಹತ್ತು ಮೈಲಿ ವೇಗದಲ್ಲಿ ಹೋಗುತ್ತದೆ. ನೀವು 55ರಲ್ಲಿ ಬರುತ್ತಿದ್ದರೆ, 500 ಅಡಿ ದೂರದಲ್ಲಿ ಕಂಡ ಬಗ್ಗಿ ಏಳೆಂಟು ಸೆಕೆಂಡಿನಲ್ಲಿ ನಿಮ್ಮ ಬಾನೆಟ್ ಮುಂದೆ ಇರುತ್ತದೆ. ಲ್ಯಾಂಕಾಸ್ಟರ್‌ನ ಬಗ್ಗಿಗಳ ಬಣ್ಣ ಬೂದು. ಮುಸ್ಸಂಜೆಯಲ್ಲಿ, ಮಂಜಿನಲ್ಲಿ ಅದು ರಸ್ತೆಯ ಬಣ್ಣದಲ್ಲೇ ಕರಗಿಹೋಗುತ್ತದೆ. ಹಿಂದೆ ಕೆಂಪು ಅಂಚಿನ ಕಿತ್ತಳೆ ತ್ರಿಕೋನ ಇರುತ್ತದೆ, ಕಣ್ಣು ಅದನ್ನೇ ಹುಡುಕುತ್ತಿರಲಿ. ಏರು ಹತ್ತುವಾಗ ಆ ಕಡೆ ಒಂದು ಬಗ್ಗಿ ಇದ್ದೇ ಇದೆ ಅಂದುಕೊಂಡೇ ಹತ್ತಿ.

ಹಾರ್ನ್ ಮಾತ್ರ ಬೇಡವೇ ಬೇಡ. ಲಾರಿ ಹಿಂದೆ 'ಸೌಂಡ್ ಹಾರ್ನ್' ಅಂತ ಬರೆದದ್ದನ್ನು ಓದುತ್ತಾ ಬೆಳೆದವರು ನಾವು, ಕೈ ತಾನಾಗೇ ಹಾರ್ನ್ ಕಡೆ ಹೋಗುತ್ತದೆ. ಇಲ್ಲಿ ಹಾರ್ನ್ ಹೊಡೆದರೆ ಕುದುರೆ ಬೆಚ್ಚಿಬೀಳುತ್ತದೆ, ಗಾಡಿಯಲ್ಲಿ ಪುಟ್ಟ ಮಕ್ಕಳೂ ಕೂತಿರಬಹುದು. ಹತ್ತಿರ ಹೋಗಿ ಎಂಜಿನ್ ರೈಸ್ ಮಾಡುವುದೂ ಅಷ್ಟೇ ಕೆಟ್ಟದ್ದು, ಸೈಲೆನ್ಸರ್ ಬದಲಾಯಿಸಿ ಸದ್ದು ಜಾಸ್ತಿ ಮಾಡಿಸಿಕೊಂಡವರಂತೂ ಇನ್ನೂ ಹುಷಾರಾಗಿರಬೇಕು. ಹಿಂದೆ ಸಾಕಷ್ಟು ಜಾಗ ಬಿಟ್ಟು ನಿಧಾನಕ್ಕೆ ಬನ್ನಿ, ಮುಂದೆ ರಸ್ತೆ ಪೂರ್ತಿ ಕಾಣುವವರೆಗೂ ಕಾಯಿರಿ, ಆಮೇಲೆ ದೂರ ಸರಿದು ಸದ್ದಿಲ್ಲದೆ ದಾಟಿ. ದಾಟಿದ ತಕ್ಷಣ ಕುದುರೆ ಮೂಗಿನ ಮುಂದೆ ತಿರುಗಿಸಿಕೊಳ್ಳಬೇಡಿ. ದಾಟುವಾಗ ಕೈ ಎತ್ತಿ, ಸಾಕು. ಲಗಾಮು ಹಿಡಿದ ಕೈಯಿಂದ ಎರಡು ಬೆರಳು ಮೇಲೆ ಏಳುತ್ತವೆ. ಟಾಪ್ ಇಳಿಸಿದ ಕಾರಿನಲ್ಲಿದ್ದರೆ ನಿಮ್ಮ ಮುಖ ಅವರಿಗೆ ಕಾಣುತ್ತದೆ, ಅವರ ಮುಖ ನಿಮಗೆ ಕಾಣುತ್ತದೆ. ದೊಡ್ಡ ಎಸ್‌ಯುವಿಯಲ್ಲಿ ಗಾಜು ಏರಿಸಿಕೊಂಡು ಹೋಗುವವರಿಗೆ ಈ ಭಾಗ್ಯ ಇಲ್ಲ.

ಆಮಿಶ್ ಜನಕ್ಕೆ ಕಾರು ಕಂಡರೆ ಆಗುವುದಿಲ್ಲ ಅಂತ ಹೊಸಬರು ತಿಳಿದಿರುತ್ತಾರೆ. ಹಾಗಲ್ಲ. ಕಾರಿನಲ್ಲಿ ಕೂರುವುದನ್ನು ಅವರು ತಪ್ಪು ಅನ್ನುವುದಿಲ್ಲ. ಆಸ್ಪತ್ರೆಗೋ, ದೂರದ ಊರಿನ ಮದುವೆಗೋ ಹೋಗಬೇಕಾದರೆ ಹೊರಗಿನ ಡ್ರೈವರ್‌ನ ವ್ಯಾನ್ ಬಾಡಿಗೆಗೆ ಹಿಡಿಯುತ್ತಾರೆ. ಅವರು ಬೇಡ ಅನ್ನುವುದು ಸ್ವಂತ ಕಾರು ಇಟ್ಟುಕೊಳ್ಳುವುದನ್ನು. ಮನೆಗೊಂದು ಕಾರು ಬಂದರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗುತ್ತಾರೆ, ನೆಂಟರು, ನೆರೆಯವರು, ಚರ್ಚಿನ ಸಭೆ ಎಲ್ಲ ಚದುರಿಹೋಗುತ್ತದೆ ಅನ್ನುವುದು ಅವರ ಲೆಕ್ಕ. ಕುದುರೆ ಹೋಗಿ ಬರುವಷ್ಟು ದೂರದಲ್ಲೇ ಬದುಕು ಇರಲಿ ಅಂತ ಯೋಚನೆ ಮಾಡಿ ತೀರ್ಮಾನ ಮಾಡಿಕೊಂಡವರು ಅವರು. ವರ್ಷಕ್ಕೊಮ್ಮೆ ಅಮ್ಮನ ಮುಖ ನೋಡಲು ಟಿಕೆಟ್ ಹುಡುಕುವ ನಮಗೆ ಈ ಮಾತು ಅರ್ಥವಾಗದೇ ಇರುತ್ತದೆಯೇ? ಇಷ್ಟು ತಿಳಿದಿದ್ದರೆ ಅವರ ಮುಂದೆ ಕಾರು ನಿಲ್ಲಿಸಲು ನಿಮಗೆ ಮುಜುಗರವೂ ಆಗುವುದಿಲ್ಲ, ಜಂಬವೂ ಬರುವುದಿಲ್ಲ.

ಮಾತು ಶುರುವಾಗುವುದು ಸಾಮಾನ್ಯವಾಗಿ ತರಕಾರಿ ಮಾರುವ ಕಟ್ಟೆ ಹತ್ತಿರ, ಇಲ್ಲವೇ ಹಾರ್ಡ್‌ವೇರ್ ಅಂಗಡಿ ಮುಂದೆ, ಒಂದು ಕಡೆ ಕಾರು, ಇನ್ನೊಂದು ಕಡೆ ಕಟ್ಟಿಹಾಕಿದ ಕುದುರೆ. ಹದಿನೆಂಟು ಇಪ್ಪತ್ತರ ಹುಡುಗರು ಹುಲ್ಲಿನ ಟೋಪಿ ಹಿಂದಕ್ಕೆ ತಳ್ಳಿ ಕಾರಿನ ಸುತ್ತ ಒಂದು ಸುತ್ತು ಹಾಕುತ್ತಾರೆ. ಎಷ್ಟು ಹಾರ್ಸ್‌ಪವರ್, ಗೇರ್ ಕೈಯಲ್ಲಿ ಹಾಕುವುದಾ, ಎಂಜಿನ್ ಎಲ್ಲಿದೆ ಅಂತ ಕೇಳುತ್ತಾರೆ. ಬಾನೆಟ್ ತೆಗೆದು ತೋರಿಸಿ. ಅವರು ಎಂಜಿನ್ ಗೊತ್ತಿಲ್ಲದವರಲ್ಲ. ಕರೆಂಟ್ ಲೈನ್ ಎಳೆಸಿಕೊಳ್ಳದ ಎಷ್ಟೋ ಆಮಿಶ್ ಕಾರ್ಖಾನೆಗಳಲ್ಲಿ ಒಂದು ಡೀಸೆಲ್ ಎಂಜಿನ್ ಇರುತ್ತದೆ. ಅದು ಒತ್ತುವ ಗಾಳಿಯಿಂದ, ಎಣ್ಣೆಯಿಂದ ಗರಗಸ, ಡ್ರಿಲ್ ಎಲ್ಲ ತಿರುಗುತ್ತವೆ. ದಿನಾ ಅದನ್ನೇ ಬಿಚ್ಚಿ ಕಟ್ಟುವ ಕೈಗಳು ಅವು, ಕೇಳುವ ಪ್ರಶ್ನೆಗಳೂ ಗಟ್ಟಿಯಾಗಿರುತ್ತವೆ.

ಆಮೇಲೆ ನಿಮ್ಮ ಸರದಿ. ಕುದುರೆ ಬಗ್ಗೆ ಕೇಳಿ. ಇದು ನನ್ನ ಮುಖ್ಯ ಸಲಹೆ, ಯಾಕೆಂದರೆ ಇಲ್ಲಿ ಬಗ್ಗಿ ಎಳೆಯುವ ಕುದುರೆಗಳು ಹೆಚ್ಚಾಗಿ ಸ್ಟ್ಯಾಂಡರ್ಡ್‌ಬ್ರೆಡ್ ತಳಿಯವು, ಅವುಗಳಲ್ಲಿ ಬಹಳಷ್ಟು ರೇಸ್ ಟ್ರ್ಯಾಕ್‌ನಿಂದ ನಿವೃತ್ತಿಯಾಗಿ ಬಂದವು. ಪುಟ್ಟ ಎರಡು ಚಕ್ರದ ಗಾಡಿ ಎಳೆದುಕೊಂಡು ಒಂದು ಮೈಲಿಯನ್ನು ಎರಡು ನಿಮಿಷದ ಆಸುಪಾಸಿನಲ್ಲಿ ಓಡುವ ಪಂದ್ಯದ ಕುದುರೆಗಳು. ಅಂದರೆ ಆ ಅಂಗಡಿ ಮುಂದೆ ನಿಂತಿರುವ ಎರಡು ರೇಸ್ ಗಾಡಿಗಳಲ್ಲಿ ನಿಮ್ಮದು ಒಂದು ಮಾತ್ರ. "ಇದು ಟ್ರ್ಯಾಕ್‌ನಲ್ಲಿ ಓಡಿದ್ದಾ?" ಅಂತ ಕೇಳಿ ನೋಡಿ. ಅಲ್ಲಿಯವರೆಗೆ ಹೂಂ ಉಹೂಂ ಅನ್ನುತ್ತಿದ್ದ ಹಿರಿಯರೂ ಬಾಯಿ ಬಿಡುತ್ತಾರೆ. ಎಲ್ಲಿ ಓಡುತ್ತಿತ್ತು, ಎಷ್ಟಕ್ಕೆ ತಂದರು, ಮೊದಲ ಸಲ ಸಿಗ್ನಲ್‌ನಲ್ಲಿ ನಿಲ್ಲಲು ಎಷ್ಟು ತಕರಾರು ಮಾಡಿತು, ಎಲ್ಲ ಹೇಳುತ್ತಾರೆ.

ಬಗ್ಗಿಯನ್ನೂ ಹತ್ತಿರದಿಂದ ನೋಡಿ. ಈ ಕಡೆ ಬಹಳಷ್ಟು ಬಗ್ಗಿಗಳ ಮೈ ಫೈಬರ್‌ಗ್ಲಾಸ್. 1953ರ ಮೊದಲ ಕಾರ್ವೆಟ್‌ನ ಮೈ ಕೂಡ ಅದೇ ಅಲ್ವಾ? ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್, ಬ್ಯಾಟರಿಯಿಂದ ಉರಿಯುವ ದೀಪ, ತಿರುಗುವ ಮೊದಲು ಮಿನುಗುವ ಇಂಡಿಕೇಟರ್ ಎಲ್ಲ ಇರುತ್ತದೆ. ಮಾಡುವವರೂ ಅವರೇ, ಊರೂರಲ್ಲಿ ಬಗ್ಗಿ ಶಾಪ್‌ಗಳಿವೆ. ಕುದುರೆಯನ್ನು ಮಾತ್ರ ಕೇಳದೆ ಮುಟ್ಟಬೇಡಿ.

ಫೋಟೋ ವಿಷಯ. ಕಾರಿನ ಪಕ್ಕ ಅವರನ್ನು ನಿಲ್ಲಿಸಿ ಫೋಟೋ ಹೊಡೆಯುವುದು, ವಿಡಿಯೋ ಮಾಡಿ ಹಾಕುವುದು ಬೇಡ. ವಿಗ್ರಹ ಮಾಡಬಾರದು ಅನ್ನುವ ಬೈಬಲ್ ಆಜ್ಞೆಯನ್ನು ಅವರು ಫೋಟೋಗೆ ನಿಲ್ಲುವುದಕ್ಕೂ ಅನ್ವಯಿಸುತ್ತಾರೆ, ಜೊತೆಗೆ ಅದು ತನ್ನನ್ನು ಮೆರೆಸಿಕೊಂಡ ಹಾಗೆ ಅಂತಲೂ ಅನ್ನುತ್ತಾರೆ. ಊರಿಂದ ಬಂದ ಅಪ್ಪ ಅಮ್ಮನಿಗೂ ಕಾರಲ್ಲಿ ಕೂರುವ ಮೊದಲೇ ಹೇಳಿಡಿ. ಹೊಲ, ಕೊಟ್ಟಿಗೆ, ಸೇತುವೆ ಎಷ್ಟು ಬೇಕಾದರೂ ತೆಗೆಯಿರಿ.

ಒಂದು ರೌಂಡ್ ಬರ್ತೀಯಾ ಅಂತ ನೀವಾಗಿ ಕರೆಯಬೇಡಿ. ಕೆಲವು ಮನೆಯಲ್ಲಿ ನಡೆಯುತ್ತದೆ, ಕೆಲವು ಮನೆಯಲ್ಲಿ ನಡೆಯುವುದಿಲ್ಲ, ಇಲ್ಲ ಅನ್ನಬೇಕಾದ ಸಂಕಟ ಅವರಿಗೆ ಯಾಕೆ? ದೊಡ್ಡವರು ತಾವಾಗಿ ಕೇಳಿದರೆ ಸಂತೋಷದಿಂದ, ನಿಧಾನಕ್ಕೆ ಕರೆದುಕೊಂಡು ಹೋಗಿ. ಮಕ್ಕಳನ್ನಂತೂ ಅಪ್ಪ ಅಮ್ಮ ಎದುರಿಗಿಲ್ಲದಾಗ ಕರೆಯಲೇಬಾರದು. ಹದಿನಾರು ದಾಟಿ ಇನ್ನೂ ದೀಕ್ಷಾಸ್ನಾನ ಆಗದ, ಅಂದರೆ ಚರ್ಚಿನ ಸಭೆಗೆ ಇನ್ನೂ ಸೇರದ ಹುಡುಗರಲ್ಲಿ ಕೆಲವರು ಸ್ವಂತ ಕಾರೇ ಇಟ್ಟುಕೊಂಡಿರುತ್ತಾರೆ. ಅದು ಅವರ ಮನೆಯ ಸೂಕ್ಷ್ಮ ವಿಷಯ, ಕೆದಕಬೇಡಿ.

ಜೇಬಿನಲ್ಲಿ ಒಂದು, ಐದು ಡಾಲರ್‌ನ ನೋಟುಗಳಿರಲಿ. ಎಷ್ಟೋ ಮನೆ ಮುಂದೆ ಟೊಮೇಟೊ, ಜೋಳ, ಕುಂಬಳಕಾಯಿ ಜೋಡಿಸಿಟ್ಟು ಪಕ್ಕದಲ್ಲಿ ಒಂದು ಡಬ್ಬಿ ಇಟ್ಟಿರುತ್ತಾರೆ, ಕಾಯಲು ಯಾರೂ ಇರುವುದಿಲ್ಲ. ಲೆಕ್ಕ ಹಾಕಿ ಡಬ್ಬಿಗೆ ಹಾಕಿ. ಮನೆಯಲ್ಲೇ ಮಾಡಿದ ರೂಟ್ ಬಿಯರ್ ಕುಡಿದು ನೋಡಿ, ಹೆಸರಿಗೆ ಬಿಯರ್, ಅಮಲೇನೂ ಇಲ್ಲ. ಸಸ್ಯಾಹಾರಿಗಳು ಪೈ ತಗೊಳ್ಳುವ ಮೊದಲು ಹಿಟ್ಟಿಗೆ ಹಂದಿ ಕೊಬ್ಬು ಹಾಕಿದ್ದೀರಾ ಅಂತ ಕೇಳಿ. ಸಂಕೋಚ ಬೇಡ, ನೇರವಾಗಿ ಉತ್ತರ ಕೊಡುತ್ತಾರೆ. ಭಾನುವಾರ ಎಲ್ಲ ಬಂದ್. ಅವತ್ತು ಪ್ರಾರ್ಥನೆಗೆ ಒಬ್ಬರ ಮನೆಯಲ್ಲಿ ಸೇರುತ್ತಾರೆ, ಬೆಳಿಗ್ಗೆಯಿಂದ ರಸ್ತೆ ತುಂಬ ಸಾಲು ಸಾಲು ಬಗ್ಗಿ. ವೇಗದ ಓಡಾಟಕ್ಕೆ ಅದು ದಿನವೇ ಅಲ್ಲ.

ಆಗಸ್ಟ್‌ನಲ್ಲಿ ಕಾರ್ಲೈಲ್‌ನಲ್ಲಿ ಕಾರ್ವೆಟ್ ಮೇಳ ನಡೆಯುತ್ತದೆ, ಮುಗಿಸಿಕೊಂಡು ಗುಂಪು ಕಟ್ಟಿಕೊಂಡು ಈ ಕಡೆ ಬರುವವರಿದ್ದಾರೆ. ಸಾಲಾಗಿ ಬಂದರೆ ಒಂದು ಬಗ್ಗಿ ದಾಟುವಾಗ ಒಬ್ಬೊಬ್ಬರೇ ದಾಟಿ, ಮುಂದಿನವನು ಹೋದ ಅಂತ ಹಿಂದಿನವನು ಕಣ್ಣುಮುಚ್ಚಿ ನುಗ್ಗಬೇಡಿ. ಚಳಿಗಾಲದ ಕೊನೆಗೆ ಅಗ್ನಿಶಾಮಕ ದಳಗಳಿಗಾಗಿ ಮಡ್ ಸೇಲ್ ಅನ್ನುವ ಹರಾಜುಗಳು ಶುರುವಾಗುತ್ತವೆ. ಆ ದಳಗಳಲ್ಲಿ ಆಮಿಶ್ ಗಂಡಸರೂ ಸ್ವಯಂಸೇವಕರು. ಮಾರ್ಚ್‌ನಲ್ಲಿ ಗಾರ್ಡನ್‌ವಿಲ್‌ನಲ್ಲಿ ನಡೆಯುವುದಕ್ಕೆ ಖಂಡಿತ ಹೋಗಿ. ಬಗ್ಗಿ, ಕುದುರೆ, ಕೌದಿ ಎಲ್ಲ ಕೂಗಿ ಮಾರುತ್ತಾರೆ. ಆದರೆ ಪಾರ್ಕಿಂಗ್ ಹೊಲದಲ್ಲಿ, ಹಿಮ ಕರಗಿ ಕಾಲು ಹೂತುಹೋಗುವಷ್ಟು ಕೆಸರು. ಅವತ್ತು ತಗ್ಗಿನ ಕಾರು ಮನೆಯಲ್ಲೇ ಬಿಟ್ಟು, ಎಸ್‌ಯುವಿ ಇರುವ ಗೆಳೆಯರ ಜೊತೆ ಗಂಬೂಟ್ ಹಾಕಿಕೊಂಡು ಹೋಗಿ.