ಜೀನ್ಸ್ ಶೆಡ್ಡಿನ ಬಿಸಿ ಇಳಿಸಿದ್ದು ಹೀಗೆ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರಿಗೆ ಏಪ್ರಿಲ್-ಮೇ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಹೊರಗೆ 42 ಡಿಗ್ರಿ, ನನ್ನ ಸಿಮೆಂಟ್ ಶೀಟಿನ ಕೆಳಗೆ ಇನ್ನೂ ಮೂರ್ನಾಲ್ಕು ಜಾಸ್ತಿ. ಮಧ್ಯಾಹ್ನ ಊಟಕ್ಕೆ ಹೋದ ಟೈಲರ್‌ಗಳಲ್ಲಿ ಅರ್ಧ ಜನ ವಾಪಸ್ ಬರುತ್ತಿರಲಿಲ್ಲ. ಪೀಸ್ ರೇಟಿನ ಕೆಲಸ, ಜುಲುಮೆ ಮಾಡೋಕಾಗುತ್ತಾ?

ಮೊದಲು ದೊಡ್ಡ ಕೂಲರ್ ತಂದೆ. ಹತ್ತಿರ ಹತ್ತಿರ 40 ಸಾವಿರ ಹೋಯಿತು. ಇಸ್ತ್ರಿ ಆವಿಯ ಜೊತೆ ಕೂಲರಿನ ತೇವ ಸೇರಿ ಮೈಬೆವರು ಒಣಗಲೇ ಇಲ್ಲ. ಡೆನಿಮ್ ಧೂಳು ಪ್ಯಾಡಿಗೆ ಮೆತ್ತಿಕೊಂಡು ವಾಸನೆ ಬೇರೆ. ಆಮೇಲೆ ಶೀಟಿನ ಮೇಲೆ ನೀರು ಚಿಮುಕಿಸುವ ಪೈಪು ಹಾಕಿಸಿದೆ. ತಂಪೇನೋ ಆಯಿತು, ಟ್ಯಾಂಕರ್ ಬಿಲ್ಲು ನೋಡಿ ನಾನು ಬಿಸಿಯಾದೆ.

ಕೊನೆಗೆ ಹಿಡಿದದ್ದು ನಮ್ಮ ಮಾಳಿಗೆ ಮನೆಗಳ ಬೆಳಕಿಂಡಿ ಲೆಕ್ಕ. ಬಿಸಿಗಾಳಿ ಮೇಲಿಂದ ಹೊರಗೆ ಹೋಗಲಿ ಅಂತ ಶೆಡ್ಡಿನ ನೆತ್ತಿಯುದ್ದಕ್ಕೂ ಶೀಟು ಬಿಡಿಸಿ, ಒಂದಡಿ ಮೇಲೆ ಸಣ್ಣ ಮಾಡು ಕೂರಿಸಿದೆ. “ಬ್ಯಾಡ್ರೀ ಸಾವ್ಕಾರ್ರೆ, ಮಳಿ ಬಂದ್ರ ಬಟ್ಟಿ ಎಲ್ಲಾ ತೊಯ್ತದ” ಅಂತ ಮೇಸ್ತ್ರಿ. ಮಾಡಿನ ಅಂಚನ್ನು ಮೊಳದಷ್ಟು ಹೊರಗೆ ಚಾಚಿಸಿದೆ. ಮಳೆಗಾಲ ಕಳೆದರೂ ಒಂದು ಪ್ಯಾಂಟು ನೆನೆದಿಲ್ಲ. ಹಳೇ ಶೀಟು ಕೊಯ್ಯಿಸುವಾಗ ಮಾತ್ರ ನೀರು ಹಾಕುತ್ತಲೇ ಕೊಯ್ಯಿಸಿ, ಅದೂ ರಜೆ ದಿನ. ಅದರಲ್ಲಿ ಕಲ್ನಾರು ಇರುತ್ತೆ, ಧೂಳು ಎದೆಗೆ ಕೆಟ್ಟದ್ದು.

ಪಡುವಣ ಗೋಡೆಯ ಬುಡದಲ್ಲಿ ಗಾಳಿ ಒಳಗೆ ಬರೋಕೆ ಜಾಲಿ ಕಿಂಡಿ. ಇಸ್ತ್ರಿ ಟೇಬಲ್ ಹೊರಗಿನ ಚಪ್ಪರಕ್ಕೆ. ಶೀಟಿನ ಮೇಲೆ ಸುಣ್ಣ, ಎರಡು ಕೋಟು. ಬರೀ ಸುಣ್ಣ ಮಳೆಗೆ ತೊಳೆದು ಹೋಗುತ್ತೆ ಅಂತ ಫೆವಿಕಾಲ್ ಬೆರೆಸೋದು ಎಲ್ಲರಿಗೂ ಗೊತ್ತು. ನಾನು ಇನ್ನೊಂದು ಬೆರೆಸಿದ್ದೀನಿ, ಅದು ನನ್ನ ಹತ್ತಿರವೇ ಇರಲಿ. ಎಲ್ಲಾ ಸೇರಿ 70-75 ಸಾವಿರ ಆಗಿರಬೇಕು. ಈಗ ಒಳಗೂ ಹೊರಗೂ ಬಿಸಿ ಸರಿಸುಮಾರು ಒಂದೇ, ಗಾಳಿ ಆಡುತ್ತೆ. ಕಳೆದ ಮೇ ತಿಂಗಳಲ್ಲಿ ಮಧ್ಯಾಹ್ನದ ಹೊಲಿಗೆ ಲೈನ್ ನಿಲ್ಲಲಿಲ್ಲ. ನಕ್ಕಿದ್ದ ಪಕ್ಕದ ಶೆಡ್ಡಿನವರು ಅಳತೆ ಟೇಪು ಹಿಡಿದು ಬಂದಿದ್ದರು!

ಬೆಳಕಿಗೆ ಅಂತ ಮಾಡಿಗೆ ಪಾರದರ್ಶಕ ಶೀಟು ಹಾಕಿಸಿದ್ದೂ ಉಂಟು. ಅದರ ಕೆಳಗೆ ಫೀಡಾಫ್ ಮಷಿನ್ನಿನಲ್ಲಿ (ಪ್ಯಾಂಟಿನ ಕಾಲಿನ ಉದ್ದ ಹೊಲಿಗೆ ಹಾಕೋ ಮಷಿನ್) ಕೂತ ಅಕ್ಕ ತಲೆ ಮೇಲೆ ರಟ್ಟು ಕಟ್ಟಿಕೊಂಡು ಹೊಲಿದರು. ಅದನ್ನು ತೆಗೆಸಿ ಬಡಗಣ ಗೋಡೆಗೆ ಕಿಟಕಿ ಒಡೆಸಿದೆ. ನೀಲಿ ಬಟ್ಟೆ ಮೇಲಿನ ನೀಲಿ ದಾರ ಈಗ ಹಗಲಲ್ಲಿ ಬಲ್ಬಿಲ್ಲದೆ ಕಾಣುತ್ತೆ.

ಈಗ ಸ್ಟೂಲಿನ ಮೇಲೆ ಕಣ್ಣು. ಬೆನ್ನಿರುವ ಕುರ್ಚಿ ಕೊಟ್ಟರೆ ಯಾರೂ ಒರಗಲ್ಲ, ಹೊಲಿಯೋರು ಮುಂದಕ್ಕೇ ಬಾಗಿರುತ್ತಾರಲ್ವಾ. ಹಿಂದಿನ ಕಾಲುಗಳಿಗೆ ರಬ್ಬರ್ ತುಂಡು ಕೊಟ್ಟು ಸ್ಟೂಲನ್ನೇ ಸ್ವಲ್ಪ ಮುಂದಕ್ಕೆ ಬಾಗಿಸಿದ್ದೀನಿ. ಸೊಂಟ ನೋವು ಕಮ್ಮಿ ಅಂತಿದ್ದಾರೆ. ಕಾಜ-ಬಟನ್‌ನವರು ಮಾತ್ರ ಇನ್ನೂ ಒಪ್ಪಿಲ್ಲ.