ಎ ಸೀಟೋ, ಎಫ್ ಸೀಟೋ? ಮೊದಲು ಮ್ಯಾಪ್ ತಿರುಗಿಸಿ

ನಮ್ಮ ನೆಂಟರೊಬ್ಬರು ಡಾರ್ಜಿಲಿಂಗ್‌ಗೆ ಹೊರಟಿದ್ದರು. ದೆಹಲಿಯಿಂದ, ಡಾರ್ಜಿಲಿಂಗ್‌ಗೆ ಹತ್ತಿರದ ವಿಮಾನ ನಿಲ್ದಾಣವಾದ ಬಾಗ್ಡೋಗ್ರಾಕ್ಕೆ ವಿಮಾನ. ‘ಎಡಗಡೆ ಕೂತರೆ ಹಿಮಾಲಯ ಕಾಣುತ್ತೆ’ ಎಂದು ಯಾರೋ ಹೇಳಿದ್ದರಂತೆ. ಹೋಗೋದಕ್ಕೂ ಬರೋದಕ್ಕೂ ಎಡ ಕಿಟಕಿಯ ಎ ಸೀಟನ್ನೇ ಜಾಸ್ತಿ ದುಡ್ಡು ಕೊಟ್ಟು ಹಿಡಿದರು. ಹೋಗುವಾಗ ಬರೀ ಮೋಡ. ಬರುವಾಗ ಆಕಾಶ ತಿಳಿಯಾಗಿತ್ತು, ಆದರೆ ಇವರ ಕಿಟಕಿಯಲ್ಲಿ ಕಂಡದ್ದು ಬಿಹಾರದ ಗದ್ದೆಗಳು. ಆಚೆ ಬದಿಯವರು ಫೋಟೊ ತೆಗೆಯುವುದನ್ನು ಕತ್ತು ಚಾಚಿ ನೋಡಿದ್ದಷ್ಟೇ ಲಾಭ. ನಿಮಗೂ ಹೀಗಾಗಬಾರದು ಎಂದರೆ ಸೀಟು ಹಿಡಿಯುವ ಮುಂಚೆ ಇಷ್ಟು ಮಾಡಿ.

1. ಏನು ನೋಡಬೇಕು ಎಂದು ತೀರ್ಮಾನಿಸಿ. ಬೆಟ್ಟವೋ, ಕಡಲೋ, ಸೂರ್ಯಾಸ್ತವೋ.

2. ಮ್ಯಾಪ್ ತಿರುಗಿಸಿ. ಎಲ್ಲರೂ ಎಡವುವುದು ಇಲ್ಲೇ. ಫೋನಿನ ಮ್ಯಾಪಿನಲ್ಲಿ ಉತ್ತರ ಸಾಮಾನ್ಯವಾಗಿ ಮೇಲೆ. ದೆಹಲಿ ಎಡಕ್ಕೆ, ಬಾಗ್ಡೋಗ್ರಾ ಬಲಕ್ಕೆ, ಹಿಮಾಲಯ ಮೇಲೆ. ಆದರೆ ವಿಮಾನದಲ್ಲಿ ‘ಮೇಲೆ’ ಅನ್ನೋ ಸೀಟಿಲ್ಲ, ಅಲ್ವಾ? ಫೋನನ್ನು ಮೇಜಿನ ಮೇಲೆ ಅಂಗಾತ ಇಡಿ. ಮ್ಯಾಪಿನ ದಿಕ್ಸೂಚಿ ಮೋಡ್ ಆನ್ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ನೀವು ತಿರುಗಿಸಿದ ಹಾಗೆ ಮ್ಯಾಪೂ ತಿರುಗಿ ತಲೆ ಕೆಡಿಸುತ್ತದೆ. ಈಗ ಹೊರಡುವ ಊರು ನಿಮ್ಮ ಹೊಟ್ಟೆಯ ಕಡೆಗೆ, ತಲುಪುವ ಊರು ನಿಮ್ಮೆದುರಿಗೆ ಬರುವ ತನಕ ಫೋನನ್ನು ತಿರುಗಿಸಿ. ಹಿಮಾಲಯ ನಿಮ್ಮ ಎಡಗೈ ಕಡೆಗೆ ಬಂತು. ಅಂದರೆ ಎ.

ವಾಪಸ್ ಬರುವ ಟಿಕೆಟಿಗೆ ಮತ್ತೆ ತಿರುಗಿಸಿ. ಈಗ ದೆಹಲಿ ಎದುರಿಗೆ, ಹಿಮಾಲಯ ಬಲಗೈಗೆ. ಅಂದರೆ ಬಲ ಕಿಟಕಿಯ ಎಫ್. ಮನಸ್ಸಿನಲ್ಲೇ ಲೆಕ್ಕ ಹಾಕಲು ಹೋಗಬೇಡಿ. ಇಷ್ಟು ವರ್ಷವಾದರೂ ನಾನೇ ತಪ್ಪುತ್ತೇನೆ.

ಬೆಂಗಳೂರು–ಮುಂಬೈ ಮಾರ್ಗವನ್ನೂ ಹೀಗೇ ಮಾಡಿ ನೋಡಿ. ಹೋಗುವಾಗ ಘಟ್ಟ, ಕಡಲು ಎರಡೂ ಎಡಕ್ಕೆ, ಬರುವಾಗ ಬಲಕ್ಕೆ. ಕೆಲವು ಸಲ ಈ ಉಪಾಯವೂ ನಡೆಯುವುದಿಲ್ಲ. ಬೆಂಗಳೂರಿನಿಂದ ನೇರ ಬಾಗ್ಡೋಗ್ರಾಕ್ಕೆ ಹೋದರೆ ಬೆಟ್ಟಸಾಲು ಹೆಚ್ಚೂಕಡಿಮೆ ಮೂಗಿನ ನೇರಕ್ಕೇ ಇರುತ್ತದೆ. ಅದು ಪೈಲಟ್ ಪುಣ್ಯ. ಎಡ ಒಂಚೂರು ವಾಸಿ, ಅಷ್ಟೇ.

3. ವಿಮಾನ ಗೆರೆ ಎಳೆದ ಹಾಗೆ ನೇರ ಹಾರುವುದಿಲ್ಲ. ವಿಮಾನಗಳ ದಾರಿ ತೋರಿಸುವ ಫ್ಲೈಟ್‌ರಾಡಾರ್24 ಜಾಲತಾಣದಲ್ಲಿ ಅದೇ ವಿಮಾನ ಮೊನ್ನೆ ಯಾವ ದಾರಿಯಲ್ಲಿ ಹೋಯಿತು ಎಂದು ನೋಡಿಬಿಡಿ.

4. ಸೂರ್ಯ ಎಲ್ಲಿರುತ್ತಾನೆ ಎಂದು ಯೋಚಿಸಿ. ದೆಹಲಿ–ಬಾಗ್ಡೋಗ್ರಾ ದಾರಿಯಲ್ಲಿ ಚಳಿಗಾಲದ ಬಿಸಿಲು ದಕ್ಷಿಣದಿಂದ ಬರುತ್ತದೆ, ಬೆಟ್ಟ ಉತ್ತರಕ್ಕಿದೆ. ಬೆಳಕು ಹಿಮದ ಮೇಲೆ ಬೀಳುತ್ತದೆ, ನಿಮ್ಮ ಕಣ್ಣಿಗಲ್ಲ. ಸಂಜೆ ಮುಂಬೈಗೆ ಹೋಗುವಾಗ ಎಡಗಡೆ ಕೂತರೆ ಕಥೆಯೇ ಬೇರೆ. ಸೂರ್ಯ ನೇರ ಮುಖಕ್ಕೆ ಬಡಿಯುತ್ತಾನೆ, ಕಿಟಕಿಯ ಗೀರುಗಳೆಲ್ಲ ಮಿಂಚುತ್ತವೆ. ಬೆಳಗಿನ ವಿಮಾನವನ್ನೇ ಹಿಡಿಯಿರಿ. ಹಿಮಾಲಯಕ್ಕಾದರೆ ಅಕ್ಟೋಬರ್, ನವೆಂಬರ್.

5. ಸಾಲು. ಏರ್‌ಬಸ್ 320, ಬೋಯಿಂಗ್ 737ರಲ್ಲಿ ರೆಕ್ಕೆಗಿಂತ ಮುಂದೆ ಕೂರಿ. ರೆಕ್ಕೆಯ ಹಿಂದೆ ಎಂಜಿನ್ನಿನ ಬಿಸಿಗಾಳಿಗೆ ನೋಟವೇ ನಡುಗುತ್ತದೆ. ಕೆಲವು 737ಗಳಲ್ಲಿ ‘ಕಿಟಕಿ ಸೀಟಿಗೆ’ ಕಿಟಕಿಯೇ ಇರುವುದಿಲ್ಲ, ಗೋಡೆಯೊಳಗೆ ಎಸಿ ಕೊಳವೆ ಹೋಗಿರುತ್ತದೆ. ನಾನೊಮ್ಮೆ ದುಡ್ಡು ಕೊಟ್ಟು ಪ್ಲಾಸ್ಟಿಕ್ ಗೋಡೆ ನೋಡಿಕೊಂಡು ಬಂದಿದ್ದೇನೆ. ‘ಒಳ್ಳೆ ಬದಿ ಯಾವುದು’ ಎಂದು ಹೇಳುವ ಜಾಲತಾಣಗಳಿವೆ. ಅಂಥ ಒಂದು ತಾಣ ನನಗೆ ರೆಕ್ಕೆಯ ಮೇಲಿನ ಸೀಟನ್ನೇ ಸೂಚಿಸಿತ್ತು! ಸುಮ್ನೆ ನಂಬಬೇಡಿ. ಚಿಕ್ಕ ಎಟಿಆರ್ ವಿಮಾನವಾದರೆ ಈ ಚಿಂತೆ ಕಡಿಮೆ. ರೆಕ್ಕೆ ಕಿಟಕಿಗಿಂತ ಮೇಲಿರುತ್ತದೆ, ನೆಲ ಚೆನ್ನಾಗಿ ಕಾಣುತ್ತದೆ.

ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ತೆಗೆದಿಡಿ. ಅದರೊಳಗಿಂದ ನೋಡಿದರೆ ವಿಮಾನದ ಕಿಟಕಿಯಲ್ಲಿ ಕಾಮನಬಿಲ್ಲಿನ ಕಲೆಗಳು ಕಾಣುತ್ತವೆ.

ಬಾಗ್ಡೋಗ್ರಾಕ್ಕೆ ಹೊರಟವರು ಮೊದಲ ಅರ್ಧ ಗಂಟೆ ಬೇಕಾದರೆ ನಿದ್ದೆ ಮಾಡಿ. ಆಮೇಲೆ ದೂರದಲ್ಲಿ ಆಕಾರ ಬದಲಿಸದ ಬಿಳಿ ಗೆರೆ ಕಂಡರೆ ಅದು ಮೋಡವಲ್ಲ. ಧವಳಗಿರಿ ಮೊದಲು, ಎವರೆಸ್ಟ್ ಆಮೇಲೆ, ಕೊನೆಗೆ 8,586 ಮೀಟರಿನ ಕಾಂಚನಜುಂಗಾ. ವಿಮಾನ ಇಳಿಯುತ್ತಾ ಹೋದಂತೆ ಅದು ಮಾತ್ರ ಮೇಲೇಳುತ್ತಾ ಬರುತ್ತದೆ.